ಚೀಟಿ ಮೊದಲೋ, ಮಗು ಮೊದಲೋ?

ರಾತ್ರಿ ಎರಡೂವರೆ. ಮೂವತ್ತು ನಲವತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಬೈಕಿನಲ್ಲಿ ಬಂದ ಗಂಡ ಹೆಂಡತಿ. ಹೆಂಡತಿಯ ಸೆರಗಿನೊಳಗೆ ಹತ್ತು ತಿಂಗಳ ಕೂಸು. ಸಂಜೆಯಿಂದ ವಾಂತಿ, ಭೇದಿ. ಹೊರಡುವಾಗ ಅಳುತ್ತಿದ್ದ ಕೂಸು ಅರ್ಧ ದಾರಿಯಲ್ಲಿ ಅಳು ನಿಲ್ಲಿಸಿತು. ಅಳು ನಿಂತಿತಲ್ಲ ಅಂತ ತಾಯಿಗೆ ಒಂದಿಷ್ಟು ಸಮಾಧಾನ. ಅಪಾಯ ಶುರುವಾದದ್ದೇ ಆವಾಗ ಎಂಬುದು ಆಕೆಗೆ ಗೊತ್ತಿಲ್ಲ.

ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಸೆಕ್ಯುರಿಟಿಯವನು ಕೈ ತೋರಿಸುತ್ತಾನೆ, "ಚೀಟಿ ಅಲ್ಲಿ." ಕೌಂಟರಿನ ಮುಂದೆ ಆಗಲೇ ನಾಲ್ಕು ಜನ. "ಅಣ್ಣಾ, ಮಗು ಒಂಥರಾ ಆಡ್ತಾ ಐತೆ, ಒಸಿ ನೋಡ್ರಣ್ಣ." "ಎಲ್ರಿಗೂ ಅರ್ಜೆಂಟೇ ಕಣಮ್ಮ, ಲೈನಲ್ಲಿ ಬಾ. ಹೆಸರೇನು? ಫೋನ್ ನಂಬರ್ ಹೇಳು." ಚೀಟಿ ಹಿಡಿದು ಕ್ಯಾಶುವಾಲಿಟಿಗೆ ಹೋದರೆ ಅಲ್ಲಿ ಡ್ಯೂಟಿ ಡಾಕ್ಟರು ಬೈಕ್ ಆಕ್ಸಿಡೆಂಟ್ ಆದವನ ತಲೆಗೆ ಹೊಲಿಗೆ ಹಾಕುತ್ತಿದ್ದಾರೆ. ಪಕ್ಕದಲ್ಲಿ ಪೊಲೀಸಿನವರು ಎಂ.ಎಲ್.ಸಿ. ಕಾಗದಕ್ಕೆ ಕಾದಿದ್ದಾರೆ. "ಮಕ್ಕಳ ವಾರ್ಡಿಗೆ ಫೋನ್ ಮಾಡಿ" ಅನ್ನುತ್ತಾರೆ ಡಾಕ್ಟರು. ಮಕ್ಕಳ ವಾರ್ಡು ಎರಡು ಮಹಡಿ ಮೇಲೆ. ಅಲ್ಲಿ ಇರುವ ಒಬ್ಬ ಪಿ.ಜಿ. ಡಾಕ್ಟರು ಫಿಟ್ಸ್ ಬಂದ ಇನ್ನೊಂದು ಮಗುವಿನ ಹತ್ತಿರ ಇದ್ದಾರೆ. "ಮೇಲಕ್ಕೇ ಕಳಿಸಿ" ಅಂತ ಉತ್ತರ. ಲಿಫ್ಟ್ ಇಲ್ಲ. ತಾಯಿ ಮೆಟ್ಟಿಲು ಹತ್ತುತ್ತಾಳೆ. ಸಿಸ್ಟರ್ ಒಬ್ಬರು ಆ ಕೂಸಿನ ಕೈ ಹಿಡಿದು ನರ ಹುಡುಕುವ ಹೊತ್ತಿಗೆ, ಗೇಟು ದಾಟಿ ಮುಕ್ಕಾಲು ಗಂಟೆ ಆಗಿರುತ್ತದೆ.

ಇದು ಇಂಥ ಊರಿನ ಇಂಥ ಆಸ್ಪತ್ರೆಯ ಒಂದು ರಾತ್ರಿಯ ವರದಿ ಅಲ್ಲ. ಸರ್ಕಾರಿ ದೊಡ್ಡಾಸ್ಪತ್ರೆಯ ಮೆಟ್ಟಿಲು ತುಳಿದವರೆಲ್ಲ ಹೆಚ್ಚೂಕಡಿಮೆ ಕಂಡಿರುವ ಚಿತ್ರ. ಇದರಲ್ಲಿ ತಪ್ಪು ಯಾರದು ಅಂತ ಹುಡುಕಿದರೆ ಯಾರೂ ಸಿಗುವುದಿಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ. ಸೆಕ್ಯುರಿಟಿಯವನು ದಾರಿ ತೋರಿಸಿದ. ಗುಮಾಸ್ತ ಚೀಟಿ ಬರೆದ. ಡಾಕ್ಟರು ಹೊಲಿಗೆ ಹಾಕಿದರು. ಪಿ.ಜಿ. ತನ್ನ ವಾರ್ಡಿನ ಮಗುವನ್ನು ನೋಡಿದರು. ಎಲ್ಲರೂ ಅವರವರ ಡ್ಯೂಟಿ ಮಾಡಿದರು. ಬಾಗಿಲಿಗೆ ಬಂದ ಕೂಸು ಮಾತ್ರ ಯಾರ ಡ್ಯೂಟಿಯಲ್ಲೂ ಇರಲಿಲ್ಲ.

ಬೋರ್ಡು ಬದಲಾಯಿತು, ಬಾಗಿಲು ಬದಲಾಗಲಿಲ್ಲ

2006-07ರ ಆಸುಪಾಸಿನಲ್ಲಿ ರಾಜ್ಯ ಸರ್ಕಾರ ಹಾಸನ, ಮಂಡ್ಯ, ಶಿವಮೊಗ್ಗ, ಬೆಳಗಾವಿ, ರಾಯಚೂರು, ಬೀದರ್ ಊರುಗಳಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಗಳನ್ನು ತೆರೆಯಿತು. ಮುಂದಿನ ಹತ್ತು ವರ್ಷಗಳಲ್ಲಿ ಗದಗ, ಕೊಪ್ಪಳ, ಕಾರವಾರ, ಮಡಿಕೇರಿ, ಚಾಮರಾಜನಗರಗಳಿಗೂ ಕಾಲೇಜು ಬಂತು. ಹಳೆಯ ಜಿಲ್ಲಾಸ್ಪತ್ರೆಗಳೇ ಬೋಧನಾ ಆಸ್ಪತ್ರೆಗಳಾದವು. ಒಳ್ಳೆಯದೇ ಆಯಿತು. ಜಿಲ್ಲೆಗೆ ಒಬ್ಬರೋ ಇಬ್ಬರೋ ಮಕ್ಕಳ ಡಾಕ್ಟರು ಇದ್ದ ಕಡೆ ಪ್ರೊಫೆಸರು, ಅಸೋಸಿಯೇಟ್ ಪ್ರೊಫೆಸರು, ಪಿ.ಜಿ., ಹೌಸ್ ಸರ್ಜನ್ ಅಂತ ಒಂದು ದಂಡೇ ಬಂತು.

ಆದರೆ ಆ ದಂಡು ಬಂದು ನಿಂತದ್ದು ವಾರ್ಡಿನಲ್ಲಿ, ಹೊರರೋಗಿ ವಿಭಾಗದಲ್ಲಿ, ಪಾಠದ ಕೋಣೆಯಲ್ಲಿ. ಬಹಳ ಕಡೆ ರಾತ್ರಿಯ ಬಾಗಿಲು ಹಳೆಯ ಕ್ಯಾಶುವಾಲಿಟಿಯಾಗಿಯೇ ಉಳಿಯಿತು. ಆ ಬಾಗಿಲ ಯಜಮಾನಿಕೆ ಯಾರದು ಅಂತ ಕೇಳಿದರೆ ಒಂದು ಪಟ್ಟಿಯೇ ಬರುತ್ತದೆ. ಕ್ಯಾಶುವಾಲಿಟಿ ವೈದ್ಯಕೀಯ ಅಧೀಕ್ಷಕರದ್ದು. ಮಗು ಮಕ್ಕಳ ವಿಭಾಗದ ಮುಖ್ಯಸ್ಥರದ್ದು. ದಾದಿಯರು ನರ್ಸಿಂಗ್ ಸೂಪರಿಂಟೆಂಡೆಂಟರದ್ದು. ಡಿ ಗ್ರೂಪ್ ಮತ್ತು ಸೆಕ್ಯುರಿಟಿ ಗುತ್ತಿಗೆದಾರನದ್ದು. ಔಷಧಿ ಸ್ಟೋರಿನದ್ದು. ಒಂದೇ ಕೂಸು, ಐದು ಜನ ಯಜಮಾನರು.

ಹುಟ್ಟಿದ ಕೂಸಿನ ಪಾಡು ಈಗ ಎಷ್ಟೋ ವಾಸಿ. ರಾಷ್ಟ್ರೀಯ ಆರೋಗ್ಯ ಮಿಷನ್ ಬಂದ ಮೇಲೆ ಜಿಲ್ಲಾಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ, ಅಂದರೆ ಎಸ್.ಎನ್.ಸಿ.ಯು., ಆಗಿದೆ. ಅದಕ್ಕೆ ಬೇರೆ ಕೋಣೆ, ಬೇರೆ ದಾದಿಯರು, ಬೇರೆ ಲೆಕ್ಕ. ಆದರೆ ಆ ಘಟಕ ಮಗುವಿಗೆ 28 ದಿನ ಆಗುವವರೆಗೆ. 29ನೆಯ ದಿನ ಜ್ವರ ಬಂದರೆ ಅದೇ ಮಗು ಹೆಂಡ ಕುಡಿದು ಬಿದ್ದವನ, ಚಾಕು ಚುಚ್ಚಿಸಿಕೊಂಡವನ ಪಕ್ಕದ ಬೆಂಚಿನಲ್ಲಿ ಕಾಯಬೇಕು.

ಮಗು ಅಂದರೆ ಚಿಕ್ಕ ಮನುಷ್ಯ ಅಲ್ಲ

ದೊಡ್ಡವರನ್ನು ನೋಡುವ ಡಾಕ್ಟರು ಮಕ್ಕಳನ್ನೂ ನೋಡಬಾರದೇ ಎಂಬ ಪ್ರಶ್ನೆ ಬರುತ್ತದೆ. ನೋಡಬಹುದು, ನೋಡುತ್ತಲೂ ಇದ್ದಾರೆ. ಆದರೆ ಮಗುವಿನ ಲೆಕ್ಕವೇ ಬೇರೆ. ಎಂಟು ಕಿಲೋ ತೂಕದ ಕೂಸಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 640 ಮಿಲಿಲೀಟರ್. ಮುಕ್ಕಾಲು ಲೀಟರಿಗೂ ಕಡಿಮೆ. ದೊಡ್ಡವರಿಗೆ ಸುಸ್ತಾಗುವಷ್ಟು ನೀರು ಹೋದರೆ ಕೂಸಿಗೆ ಪ್ರಾಣಕ್ಕೇ ಸಂಚಕಾರ. ಔಷಧಿಯೂ ಕಿಲೋ ಲೆಕ್ಕ. ತೂಕ ನೋಡದೆ ಅಂದಾಜಿನಲ್ಲಿ ಕೊಟ್ಟರೆ, ಒಂದು ಚುಕ್ಕಿ ಆಚೀಚೆ ಆದರೆ, ಡೋಸು ಹತ್ತು ಪಟ್ಟು ಆಗಿಬಿಡುತ್ತದೆ.

ಇನ್ನೊಂದು ಮೋಸ ಇದೆ. ದೊಡ್ಡವರ ಬಿ.ಪಿ. ಬೇಗ ಇಳಿದು ಡಾಕ್ಟರಿಗೆ ಎಚ್ಚರಿಕೆ ಕೊಡುತ್ತದೆ. ಮಗುವಿನ ಮೈ ಹಾಗಲ್ಲ, ಕಡೇ ಗಳಿಗೆಯವರೆಗೂ ಬಿ.ಪಿ. ಹಿಡಿದು ನಿಲ್ಲಿಸಿಕೊಂಡಿರುತ್ತದೆ. ಇಳಿಯಿತು ಅಂದರೆ ಹೊತ್ತು ಮೀರಿದೆ ಅಂತಲೇ. ಅದಕ್ಕೆ ಮುಂಚೆ ನೋಡಬೇಕಾದದ್ದು ಬೇರೆ: ಕೈಕಾಲು ತಣ್ಣಗಿದೆಯೇ, ಉಗುರು ಒತ್ತಿಬಿಟ್ಟರೆ ಬಣ್ಣ ಬರಲು ಮೂರು ಸೆಕೆಂಡಿಗಿಂತ ಹೆಚ್ಚು ಬೇಕೇ, ಉಸಿರಿಗೆ ಪಕ್ಕೆ ಒಳಕ್ಕೆ ಹೋಗುತ್ತಿದೆಯೇ, ಕರೆದರೆ ಕಣ್ಣು ಬಿಡುತ್ತದೆಯೇ, ಫಿಟ್ಸ್ ಇದೆಯೇ. ಇದನ್ನು ನೋಡಲು ಯಂತ್ರ ಬೇಡ. ನೋಡುವ ಕಣ್ಣು ಬೇಕು, ಅದು ಬಾಗಿಲಲ್ಲಿಯೇ ಇರಬೇಕು.

ವಿಶ್ವ ಆರೋಗ್ಯ ಸಂಸ್ಥೆ ಬಹಳ ಹಿಂದೆಯೇ ಹೇಳಿರುವ ಮಾತು: ಆಸ್ಪತ್ರೆಯಲ್ಲಿ ಸಾಯುವ ಮಕ್ಕಳಲ್ಲಿ ಅನೇಕವು ಸೇರಿದ ಮೊದಲ 24 ಗಂಟೆಯೊಳಗೇ ಸಾಯುತ್ತವೆ. ಬಂದ ಕೂಡಲೇ ಗುರುತಿಸಿದರೆ ಅದರಲ್ಲಿ ಎಷ್ಟೋ ಸಾವು ತಡೆಯಬಹುದು. ಇದಕ್ಕಾಗಿ ಆ ಸಂಸ್ಥೆ 2005ರಲ್ಲಿ ಒಂದು ತರಬೇತಿ ಪುಸ್ತಕ ತಂದಿತು. ಅದರಲ್ಲಿ ಅಪಾಯದ ಚಿಹ್ನೆ ಗುರುತಿಸುವುದನ್ನು ಡಾಕ್ಟರಿಗೆ, ದಾದಿಗೆ ಮಾತ್ರ ಹೇಳಿಕೊಟ್ಟರೆ ಸಾಲದು, ಗೇಟು ಕಾಯುವವನಿಗೆ, ಚೀಟಿ ಬರೆಯುವ ಗುಮಾಸ್ತನಿಗೆ, ಕಸ ಗುಡಿಸುವವರಿಗೂ ಹೇಳಿಕೊಡಿ ಅಂತ ಇದೆ. ಯಾಕೆಂದರೆ ಮಗುವಿನ ಮುಖ ಮೊದಲು ನೋಡುವವರು ಅವರೇ.

ಬ್ಲಾಂಟೈರ್ ಊರಿನ ಪಾಠ

ಇದೆಲ್ಲ ಪುಸ್ತಕದ ಬದನೆಕಾಯಿ ಅಂತ ತಳ್ಳಿಹಾಕುವವರಿಗೆ ಆಫ್ರಿಕಾದ ಮಲಾವಿ ದೇಶದ ಉದಾಹರಣೆ ಇದೆ. ನಮಗಿಂತ ಬಡ ದೇಶ. ಅಲ್ಲಿನ ಬ್ಲಾಂಟೈರ್ ಊರಿನ ಕ್ವೀನ್ ಎಲಿಜಬೆತ್ ಸೆಂಟ್ರಲ್ ಆಸ್ಪತ್ರೆ ಆ ದೇಶದ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ. ಮಕ್ಕಳ ಹೊರರೋಗಿ ವಿಭಾಗದಲ್ಲಿ ಜಾತ್ರೆಯಂಥ ಜನ. ಲಸಿಕೆಗೆ ಬಂದವರು, ನೆಗಡಿಗೆ ಬಂದವರು, ಸಾಯುತ್ತಿರುವ ಮಗು ತಂದವರು ಎಲ್ಲರೂ ಒಂದೇ ಕಡೆ. ಸೇರಿಸಿಕೊಂಡ ಮಕ್ಕಳಲ್ಲಿ ಸಾಯುತ್ತಿದ್ದವು ನೂರಕ್ಕೆ 10ರಿಂದ 18.

ಮಕ್ಕಳ ವೈದ್ಯೆ ಎಲಿಜಬೆತ್ ಮಾಲಿನ್ಯೂ ಮತ್ತು ಅವರ ಜೊತೆಯವರು 2001ರ ಹೊತ್ತಿಗೆ ಆ ಬಾಗಿಲನ್ನೇ ತಿದ್ದಿದರು. ಜನ ಹೇಗೆ ಬಂದು ಹೇಗೆ ಹೋಗಬೇಕು ಎಂಬ ದಾರಿ ಸರಿಪಡಿಸಿದರು. ಬಂದ ಕೂಡಲೇ ಮಕ್ಕಳನ್ನು 'ಈಗಲೇ', 'ಬೇಗ', 'ಕಾಯಬಹುದು' ಅಂತ ಮೂರು ಗುಂಪು ಮಾಡುವುದನ್ನು ಸಿಬ್ಬಂದಿಗೆ ಕಲಿಸಿದರು. ತುರ್ತು ಚಿಕಿತ್ಸೆ ಅಲ್ಲೇ ಶುರು. ಹೊರರೋಗಿ ವಿಭಾಗಕ್ಕೂ ವಾರ್ಡಿಗೂ ಮಾತುಕತೆ ಕೂಡಿಸಿದರು. ಸಾವು ನೂರಕ್ಕೆ 6ರಿಂದ 8ಕ್ಕೆ ಇಳಿಯಿತು. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯೇ ಈ ಲೆಕ್ಕವನ್ನು ಅಚ್ಚು ಹಾಕಿತು. ಸಾಲಿನ ಕ್ರಮ ಬದಲಾಯಿಸಿದ್ದಕ್ಕೆ, ಅದಕ್ಕೆ ಜವಾಬ್ದಾರರು ಅಂತ ಕೆಲವರು ನಿಂತದ್ದಕ್ಕೆ, ಅಷ್ಟು ಮಕ್ಕಳು ಉಳಿದವು.

ಯಂತ್ರ ಒಂದೇ, ಫಲ ಎರಡು

ನಮ್ಮಲ್ಲಿ ಮಾತೆತ್ತಿದರೆ ವೆಂಟಿಲೇಟರ್. ಕೊರೋನಾದ ಮೂರನೇ ಅಲೆ ಮಕ್ಕಳಿಗೇ ಬರುತ್ತದೆ ಎಂಬ ಗುಲ್ಲು ಎದ್ದಾಗ, 2021ರ ಜುಲೈನಲ್ಲಿ ಕೇಂದ್ರ ಸರ್ಕಾರ 23,123 ಕೋಟಿ ರೂಪಾಯಿಯ ತುರ್ತು ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ 736 ಜಿಲ್ಲೆಗಳಲ್ಲೂ ಮಕ್ಕಳ ಘಟಕ ಮಾಡಬೇಕು ಎಂಬುದು ಅದರಲ್ಲಿನ ಒಂದು ಗುರಿ. ಮೂರನೇ ಅಲೆ ಹೆದರಿಸಿದಷ್ಟು ಮಕ್ಕಳನ್ನು ಕಾಡಲಿಲ್ಲ, ಪುಣ್ಯ. ಹಾಸಿಗೆ, ಯಂತ್ರಗಳಿಗೆ ದಾರಿಯಾಯಿತು. ಅದರ ಪಕ್ಕದಲ್ಲಿ ರಾತ್ರಿ ಮೂರು ಗಂಟೆಗೆ ಕೂರುವವರು ಯಾರು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಯಂತ್ರದ ಮಾತಿಗೆ ಎರಡು ಊರಿನ ಲೆಕ್ಕ ನೋಡಬೇಕು. ಉಸಿರಾಟದ ತೊಂದರೆಯ ಮಕ್ಕಳಿಗೆ ನೀರಿನ ಬಾಟಲಿ, ನಳಿಕೆ ಇಟ್ಟುಕೊಂಡು ಗುಳ್ಳೆಯ ಒತ್ತಡದಿಂದ ಆಮ್ಲಜನಕ ಕೊಡುವ ಅಗ್ಗದ ಉಪಾಯ ಒಂದಿದೆ. ಬಬಲ್ ಸಿಪ್ಯಾಪ್ ಅಂತ ಅದರ ಹೆಸರು. ಬಾಂಗ್ಲಾದೇಶದ ಢಾಕಾದಲ್ಲಿ ಡಾಕ್ಟರು ಮಹಮ್ಮದ್ ಜೊಬಾಯೆರ್ ಚಿಸ್ತಿ ಮತ್ತು ಜೊತೆಯವರು ನ್ಯುಮೋನಿಯಾ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಕೊಟ್ಟರು. ಮಾಮೂಲಿ ಆಮ್ಲಜನಕ ಕೊಟ್ಟ ಗುಂಪಿನಲ್ಲಿ ನೂರಕ್ಕೆ 15 ಮಕ್ಕಳು ಸತ್ತರೆ ಈ ಉಪಾಯದಲ್ಲಿ ಸತ್ತದ್ದು ನೂರಕ್ಕೆ 4.

ಅದೇ ಬಗೆಯ ಚಿಕಿತ್ಸೆಯನ್ನು ಮಲಾವಿಯ ಸಲೀಮಾ ಜಿಲ್ಲಾಸ್ಪತ್ರೆಯಲ್ಲಿ 644 ಮಕ್ಕಳ ಮೇಲೆ ಪರೀಕ್ಷೆ ಮಾಡಿದರು. ದಿನಾ ಡಾಕ್ಟರ ಮೇಲ್ವಿಚಾರಣೆ ಇಲ್ಲದ ವಾರ್ಡು. 2019ರಲ್ಲಿ ಬಂದ ಲೆಕ್ಕ ಉಲ್ಟಾ: ಮಾಮೂಲಿ ಆಮ್ಲಜನಕದಲ್ಲಿ ನೂರಕ್ಕೆ 11 ಸಾವು, ಸಿಪ್ಯಾಪಿನಲ್ಲಿ 17. ಎರಡು ಕಡೆಯ ಮಕ್ಕಳ ಸ್ಥಿತಿಗತಿಯಲ್ಲಿ ವ್ಯತ್ಯಾಸ ಇತ್ತು, ನಿಜ. ಆದರೂ ಢಾಕಾದಲ್ಲಿ ರಾತ್ರಿಹಗಲು ಡಾಕ್ಟರು, ದಾದಿಯರು ಪಕ್ಕದಲ್ಲಿ ಇದ್ದರು, ಸಲೀಮಾದಲ್ಲಿ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಯಂತ್ರ ಕೊಟ್ಟು ಕೈತೊಳೆದುಕೊಂಡರೆ ಅದು ಕೊಲ್ಲಲೂಬಹುದು.

ಮುಖ್ಯಸ್ಥರ ಕೆಲಸ ಏನು?

ಹಾಗಾದರೆ ಬೋಧನಾ ಆಸ್ಪತ್ರೆಯಲ್ಲಿ ಮಕ್ಕಳ ತುರ್ತು ವಿಭಾಗದ ಮುಖ್ಯಸ್ಥ ಅಂತ ಒಬ್ಬರು ಇದ್ದರೆ ಅವರು ಮಾಡಬೇಕಾದದ್ದೇನು? ಕುರ್ಚಿಯಲ್ಲಿ ಕೂತು ರುಜು ಹಾಕುವುದಲ್ಲ. ಎಲ್ಲ ಮಗುವನ್ನೂ ತಾವೇ ನೋಡುವುದೂ ಅಲ್ಲ, ಅದು ಯಾರಿಂದಲೂ ಆಗದ ಮಾತು. ತಾವು ಮನೆಯಲ್ಲಿ ಮಲಗಿದ್ದಾಗಲೂ ಬಾಗಿಲಲ್ಲಿ ಕೆಲಸ ನಡೆಯುವ ಹಾಗೆ ಮಾಡುವುದು.

ಮೊದಲನೆಯದು ತಟ್ಟೆಬಂಡಿ. ಪುಟ್ಟ ಮಾಸ್ಕು, ಪುಟ್ಟ ಬಿ.ಪಿ. ಪಟ್ಟಿ, ಆಂಬು ಬ್ಯಾಗ್, ಸಕ್ಕರೆ ಅಂಶ ನೋಡುವ ಪಟ್ಟಿ, ನರ ಸಿಗದಿದ್ದರೆ ಮೊಣಕಾಲ ಕೆಳಗಿನ ಮೂಳೆಗೇ ಚುಚ್ಚಿ ಔಷಧಿ ಕೊಡುವ ಸೂಜಿ. ಇವೆಲ್ಲ ಸ್ಟೋರಿನ ಲೆಕ್ಕಪುಸ್ತಕದಲ್ಲಿ ಇದ್ದರೆ ಪ್ರಯೋಜನ ಇಲ್ಲ, ಕೈಗೆ ಸಿಗಬೇಕು. ಪ್ರತಿ ಪಾಳಿಯಲ್ಲೂ ಒಬ್ಬರು ಎಣಿಸಿ ಸಹಿ ಹಾಕಬೇಕು. ತೂಕದ ಮೆಷಿನ್ ಬಾಗಿಲಲ್ಲೇ ಇರಬೇಕು, ಕಿಲೋ ಲೆಕ್ಕದ ಡೋಸಿನ ಪಟ್ಟಿ ಗೋಡೆ ಮೇಲೆ ಇರಬೇಕು.

ಎರಡನೆಯದು ಜನ. ಬೋಧನಾ ಆಸ್ಪತ್ರೆಯಲ್ಲಿ ರಾತ್ರಿ ನಡೆಸುವವರು ಕಲಿಯುವ ಹುಡುಗರು. ಹೌಸ್ ಸರ್ಜನ್ ಬರುತ್ತಾರೆ, ಕೆಲವು ವಾರ ಇರುತ್ತಾರೆ, ಹೋಗುತ್ತಾರೆ. ಪಿ.ಜಿ.ಗಳು ಮೂರು ವರ್ಷಕ್ಕೆ ಖಾಲಿ. ಕಲಿಸಿದ್ದು ಪ್ರತಿ ಸಲವೂ ಅವರ ಜೊತೆ ಹೊರಟುಹೋಗುತ್ತದೆ. ಉಳಿಯುವವರು ದಾದಿಯರು. ಅದರಲ್ಲೂ ಗುತ್ತಿಗೆಯವರು ಎಷ್ಟೋ, ಇವತ್ತು ಮಕ್ಕಳ ವಾರ್ಡು, ನಾಳೆ ಆಪರೇಷನ್ ಥಿಯೇಟರು. ತರಬೇತಾದ ದಾದಿಯನ್ನು ಬಾಗಿಲಿಂದ ಕದಲಿಸದೆ ಉಳಿಸಿಕೊಳ್ಳುವುದೇ ಮುಖ್ಯಸ್ಥರ ದೊಡ್ಡ ಕೆಲಸ. ಆದರೆ ಆ ಅಧಿಕಾರ ಅವರ ಕೈಲಿಲ್ಲ.

ಮೂರನೆಯದು ಹಳೆಯ ರೂಢಿ ತಿದ್ದುವುದು. ಪ್ರೊಫೆಸರು ಹೇಳಿದ್ದೇ ವೇದ ಎಂಬ ಕಡೆ ಇದು ಸುಲಭ ಅಲ್ಲ. ಜ್ವರ ಬಂದು ಶಾಕ್ ಆದ ಮಗುವಿಗೆ ಒಂದೇ ಸಲಕ್ಕೆ ಹೆಚ್ಚು ಡ್ರಿಪ್ ಹರಿಸಬೇಕು ಅಂತ ದೇಶದೇಶಗಳಲ್ಲಿ ಪಾಠ ಹೇಳುತ್ತಿದ್ದರು. ಕೆನ್ಯಾ, ಉಗಾಂಡ, ಟಾಂಜಾನಿಯಾಗಳಲ್ಲಿ 3,141 ಮಕ್ಕಳ ಮೇಲೆ ನಡೆದ ಪರೀಕ್ಷೆ 2011ರಲ್ಲಿ ಆ ಪಾಠವನ್ನೇ ಅಲುಗಾಡಿಸಿತು. ಹಾಗೆ ಹರಿಸಿದ ಗುಂಪುಗಳಲ್ಲಿ ಎರಡು ದಿನದೊಳಗಿನ ಸಾವು ನೂರಕ್ಕೆ ಹತ್ತೂವರೆ, ಹರಿಸದ ಗುಂಪಿನಲ್ಲಿ 7.3. ಭೇದಿಯ ಮಕ್ಕಳನ್ನು ಆ ಪರೀಕ್ಷೆಯಲ್ಲಿ ಸೇರಿಸಿರಲಿಲ್ಲ. ಅವರಿಗೆ ಕಳೆದುಕೊಂಡ ನೀರು ಬೇಗ ತುಂಬಲೇಬೇಕು. ಅಂದರೆ ಒಂದೇ ಥರ ಕಾಣುವ ಎರಡು ಮಕ್ಕಳಿಗೆ ಎರಡು ಥರ ಚಿಕಿತ್ಸೆ. ಇದನ್ನು ರಾತ್ರಿಯ ಪಿ.ಜಿ.ಗೆ ಹಗಲಲ್ಲೇ ಹೇಳಿಕೊಟ್ಟಿರಬೇಕು.

ನಾಲ್ಕನೆಯದು ಸಾವಿನ ಲೆಕ್ಕ. ವಾರಕ್ಕೊಮ್ಮೆ ಎಲ್ಲರನ್ನೂ ಕೂರಿಸಿ, ಸತ್ತ ಪ್ರತಿ ಮಗುವಿನ ಕೇಸ್ ಶೀಟ್ ತೆಗೆದು, ಗೇಟಿಗೆ ಬಂದದ್ದು ಎಷ್ಟು ಗಂಟೆ, ಮೊದಲು ಮುಟ್ಟಿದ್ದು ಎಷ್ಟು ಗಂಟೆ ಅಂತ ನೋಡಬೇಕು. ಯಾರ ತಲೆಗೆ ಕಟ್ಟುವುದು ಅಂತ ಅಲ್ಲ. ಶಿಕ್ಷೆಯ ಭಯ ಇದ್ದ ಕಡೆ ಗಡಿಯಾರದ ಮುಳ್ಳು ಕಾಗದದ ಮೇಲೆ ಹಿಂದಕ್ಕೆ ಹೋಗುತ್ತದೆ, ಇದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಬೆಂಗಳೂರಿಗೋ ಮೈಸೂರಿಗೋ ರೆಫರ್ ಮಾಡುವುದೂ ಇದರೊಳಗೇ ಬರುತ್ತದೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಶುರುವಾದ ಮೇಲೆ ಗಾಡಿ ಅಂತೂ ಬಂತು. ಆದರೆ ಉಸಿರು, ನರ, ಸಕ್ಕರೆ ಸರಿಮಾಡದೆ, ಆ ಕಡೆ ಡಾಕ್ಟರಿಗೆ ಫೋನ್ ಮಾಡದೆ ಗಾಡಿ ಹತ್ತಿಸಿದರೆ ಅದು ರೆಫರ್ ಅಲ್ಲ, ಸಾಗಹಾಕುವುದು.

ಕೆಲಸ ಇದೆ, ಹುದ್ದೆ ಇಲ್ಲ

ಇಷ್ಟೆಲ್ಲ ಮಾಡಬೇಕಾದವರಿಗೆ ಕಾನೂನು ಏನು ಕೊಟ್ಟಿದೆ? ತುರ್ತು ವೈದ್ಯವನ್ನು ಪ್ರತ್ಯೇಕ ವಿಷಯ ಅಂತ ಭಾರತೀಯ ವೈದ್ಯಕೀಯ ಪರಿಷತ್ತು ಒಪ್ಪಿದ್ದೇ 2009ರಲ್ಲಿ. ಆಮೇಲೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2020ರ ನಿಯಮದಲ್ಲಿ ಎಲ್ಲ ವೈದ್ಯಕೀಯ ಕಾಲೇಜಿಗೂ ತುರ್ತು ವೈದ್ಯ ವಿಭಾಗ ಕಡ್ಡಾಯ ಅಂದಿತು. ಮೂರು ವರ್ಷ ಕಳೆಯುವುದರೊಳಗೆ, 2023ರ ನಿಯಮದಲ್ಲಿ, ಎಂ.ಬಿ.ಬಿ.ಎಸ್. ಕಾಲೇಜಿಗೆ ಕಡ್ಡಾಯವಾದ ವಿಭಾಗಗಳ ಪಟ್ಟಿಯಿಂದ ಅದೇ ವಿಭಾಗವನ್ನು ಕೈಬಿಟ್ಟಿತು. ದೊಡ್ಡವರ ತುರ್ತು ವಿಭಾಗದ ಗತಿಯೇ ಹೀಗಾದರೆ ಮಕ್ಕಳದ್ದನ್ನು ಕೇಳುವವರು ಯಾರು?

ಮಾಡಬೇಕೆಂದವರು ಮಾಡಿದ್ದಾರೆ. ಚಂಡೀಗಢದ ಪಿ.ಜಿ.ಐ. ಸಂಸ್ಥೆಯಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮಕ್ಕಳ ತುರ್ತು ಚಿಕಿತ್ಸೆಗೇ ಬೇರೆ ವಿಭಾಗ, ಬೇರೆ ತಂಡ ಇದೆ. ಜಿಲ್ಲಾ ಮಟ್ಟದ ಬೋಧನಾ ಆಸ್ಪತ್ರೆಗಳಲ್ಲಿ ಮಾತ್ರ ಅದು ಸಾಮಾನ್ಯವಾಗಿ ಮಕ್ಕಳ ವಿಭಾಗದ ಯಾರೋ ಒಬ್ಬ ಡಾಕ್ಟರು ಮೈಮೇಲೆ ಎಳೆದುಕೊಂಡ ಹೆಚ್ಚುವರಿ ಹೊರೆ. ಹುದ್ದೆ ಇಲ್ಲ, ಹುಕುಂ ಇಲ್ಲ. ಒಳ್ಳೆಯವರು ಇದ್ದಷ್ಟು ದಿನ ನಡೆಯುತ್ತದೆ. ಅವರು ವರ್ಗವಾಗಿ ಹೋದ ಮೇಲೆ ತಟ್ಟೆಬಂಡಿಗೆ ಬೀಗ ಬೀಳುತ್ತದೆ.

ಡಾಕ್ಟರ ಪಕ್ಷವನ್ನೂ ಹೇಳಬೇಕು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಡಾಕ್ಟರು ಸಿಕ್ಕಿದ್ದರೆ ಅರ್ಧ ಜನ ದೊಡ್ಡಾಸ್ಪತ್ರೆಗೆ ಬರುತ್ತಲೇ ಇರಲಿಲ್ಲ. ಮಗು ಸತ್ತಾಗ ಸಿಟ್ಟು ಬೀಳುವುದು ಎದುರಿಗೆ ಸಿಕ್ಕ ಇಪ್ಪತ್ತೈದು ವರ್ಷದ ಪಿ.ಜಿ. ಮೇಲೆ. ಡಾಕ್ಟರ ಮೇಲಿನ ಹಲ್ಲೆ ತಡೆಯಲು ರಾಜ್ಯದಲ್ಲಿ 2009ರಲ್ಲೇ ಕಾನೂನು ಬಂದಿದೆ. ಆದರೆ ಸಿಟ್ಟು ಕಾನೂನಿಗೆ ಇಳಿಯುವುದಿಲ್ಲ. ಬಂದ ಎರಡು ನಿಮಿಷದಲ್ಲಿ ಒಬ್ಬರು ಮಗುವನ್ನು ಮುಟ್ಟಿ ನೋಡಿ, "ಅಮ್ಮಾ, ಹೀಗಾಗಿದೆ, ಹೀಗೆ ಮಾಡ್ತಾ ಇದೀವಿ" ಅಂದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಕೆ.ಡಿ.ಪಿ. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ

ಇದು ಡಾಕ್ಟರುಗಳ ಒಳಮನೆ ವಿಚಾರ ಅಂತ ಜನ ಸುಮ್ಮನಿರಬೇಕಾಗಿಲ್ಲ. ರೈಲಿನಿಂದ ಬಿದ್ದ ಕೃಷಿ ಕಾರ್ಮಿಕರ ಸಂಘಟನೆಯ ಸದಸ್ಯನೊಬ್ಬನನ್ನು ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಗಳು ಒಂದರ ಮೇಲೊಂದು ಹಾಸಿಗೆ ಇಲ್ಲ ಅಂತ ವಾಪಸ್ ಕಳಿಸಿದ್ದವು. ಆ ಕೇಸಿನಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ ತೀರ್ಪು ಕೊಟ್ಟಿದೆ. ಸರ್ಕಾರಿ ಆಸ್ಪತ್ರೆ ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಕೊಡದಿದ್ದರೆ ಅದು ಜೀವಿಸುವ ಹಕ್ಕಿನ ಉಲ್ಲಂಘನೆ, ದುಡ್ಡಿಲ್ಲ ಅಂತ ಸರ್ಕಾರ ನುಣುಚಿಕೊಳ್ಳುವಂತಿಲ್ಲ ಅಂತ. ಹಕ್ಕು ಕಾಗದದ ಮೇಲೆ ಇದೆ. ಬಾಗಿಲಿಗೆ ಬಂದಿಲ್ಲ.

ಜಿಲ್ಲಾ ಉಸ್ತುವಾರಿ ಸಚಿವರ ಕೆ.ಡಿ.ಪಿ. ಸಭೆಯಲ್ಲಿ ಹಾಸಿಗೆ ಎಷ್ಟು, ಕಟ್ಟಡ ಎಲ್ಲಿಗೆ ಬಂತು ಅಂತ ಕೇಳುವುದು ವಾಡಿಕೆ. ಟೇಪು ಕತ್ತರಿಸಲು ಕಟ್ಟಡ ಬೇಕಲ್ಲ! ಈ ಸಲ ಬೇರೆ ಮೂರು ಪ್ರಶ್ನೆ ಕೇಳಿ ನೋಡಲಿ. ಕಳೆದ ತಿಂಗಳು ಬಂದ 24 ಗಂಟೆಯೊಳಗೆ ಸತ್ತ ಮಕ್ಕಳು ಎಷ್ಟು? ಗೇಟಿಗೂ ಮೊದಲ ತಪಾಸಣೆಗೂ ನಡುವೆ ಎಷ್ಟು ನಿಮಿಷ? ಇದಕ್ಕೆ ಉತ್ತರ ಹೇಳಬೇಕಾದ ಒಬ್ಬ ಅಧಿಕಾರಿಯ ಹೆಸರೇನು? ಮೂರನೆಯ ಪ್ರಶ್ನೆಗೆ ಉತ್ತರ ಬಾರದಿದ್ದರೆ ಮೊದಲೆರಡಕ್ಕೂ ಸರಿಯಾದ ಉತ್ತರ ಇರುವುದಿಲ್ಲ.

ಆಮೇಲಿನ ಕೆಲಸಕ್ಕೆ ಕೋಟಿ ಬೇಡ. ಒಂದು ಆಜ್ಞೆ, ಒಂದು ಹುದ್ದೆ, ಬಾಗಿಲ ಪಕ್ಕ ಒಂದು ಕೋಣೆ, ಕದಲಿಸದ ಆರೆಂಟು ದಾದಿಯರು. ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲೇ ಗೇಟಿನವನಿಗೂ ಗುಮಾಸ್ತನಿಗೂ ಒಂದು ದಿನದ ತರಬೇತಿ ಕೊಡಬಹುದು. ಚೀಟಿ ಬರೆಯುವವನು ಒಮ್ಮೆ ತಲೆ ಎತ್ತಿ ಕೂಸಿನ ಮುಖ ನೋಡಿ, "ಚೀಟಿ ಆಮೇಲೆ ಮಾಡ್ಕೊಡ್ತೀನಿ, ಮೊದ್ಲು ಒಳಗೆ ಹೋಗಮ್ಮ" ಅನ್ನಬೇಕು. ಹಾಗೆ ಅಂದದ್ದಕ್ಕೆ ಮಾರನೆಯ ದಿನ ಅವನಿಗೆ ಮೆಮೋ ಬರಬಾರದು. ಆ ಭರವಸೆ ಕೊಡುವ ಒಬ್ಬ ಮುಖ್ಯಸ್ಥರು ಬೇಕು. ಸಂಬಂಧಪಟ್ಟವರು ಮುಂದಿನ ಸಭೆಯೊಳಗೆ ಆ ಹೆಸರು ಹೇಳುವರೇ?